ನಾಚಿಕೆಯಿಂದ ಕುದುರೆ ಪಳಗಿಸಿದ್ದು

ಶ್ರಾವಣಿ, ಮಹೇಶಾ, ನಿಮಗೆ ತೆಲುಗು ಓದಿದಷ್ಟು ಸಲೀಸಾಗಿ ಕನ್ನಡ ಓದಲು ಬರುವುದಿಲ್ಲವೆಂದು ನಿಮ್ಮವ್ವ ಹೇಳಿದ್ದಾಳೆ. ನಿಧಾನವಾಗಿ ಓದಿ, ನಾನೂ ನಿಧಾನವಾಗಿಯೇ ಬರೆಯುತ್ತೇನೆ. ನಾಚಿಕೆಯ ಸ್ವಭಾವದವರಿಂದ ಈ ಲೋಕಕ್ಕೆ ಮೂರು ಕಾಸಿನ ಉಪಯೋಗವಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಆದೋನಿಯಿಂದ ಬಸ್ಸಿನಲ್ಲಿ ಬರುವಾಗ ನಮ್ಮೂರು ಬಂದರೂ 'ನಿಲ್ಲಿಸಪ್ಪಾ' ಎನ್ನಲು ಬಾಯಿ ಬಾರದೆ, ಮುಂದಿನ ಊರಿನಲ್ಲಿ ಯಾರೋ ಇಳಿದಾಗ ಅವರ ಹಿಂದೆ ಇಳಿದು, ಬಿಸಿಲಲ್ಲಿ ನಡೆದು ವಾಪಸಾದವಳು ನಾನು. ನಮ್ಮ ಮಾವನವರು ಬದುಕಿದ್ದಷ್ಟು ಕಾಲ ಅವರೆದುರು ಸೆರಗು ಎಳೆದುಕೊಂಡು ಓರೆಯಾಗಿ ನಿಲ್ಲುತ್ತಿದ್ದುದರಿಂದ, ಅವರ ಕಾಲ್ಬೆರಳುಗಳ ಗುರುತಿತ್ತೇ ಹೊರತು ಮುಖ ಸರಿಯಾಗಿ ಗೊತ್ತಿರಲಿಲ್ಲ. ಇಂಥ ನನ್ನನ್ನು ಕಂಡು 'ಮನುಷ್ಯರೆಂದರೆ ಹೀಗಿರಬೇಕು' ಎಂದುಕೊಂಡ ಜೀವ ಒಂದೇ ಒಂದು. ಅದು ಕುದುರೆ.

ನನ್ನ ಮಗ, ನಿಮ್ಮ ಮಾವ ಬೀರೇಶ ಈ ಎಳೆಯ ಹೆಣ್ಣು ಕುದುರೆಯನ್ನು ಕುರಿ ಹಿಂಡಿಗೆಂದು ತಂದ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಳೆಯ ಕಡೆ ಹೊರಡುತ್ತದಲ್ಲ, ಹಾದಿಯಲ್ಲಿ ಹುಟ್ಟಿದ ಮರಿಗಳು ಅಷ್ಟು ದೂರ ನಡೆಯಲಾರವು. ಅವನ್ನು ಬಲೆಯ ಚೀಲಗಳಲ್ಲಿ ಕೂರಿಸಿ ಕುದುರೆಯ ಎರಡೂ ಪಕ್ಕಕ್ಕೆ ಇಳಿಬಿಡುತ್ತಾರೆ. ಆದರೆ ಚಿಟ್ಟಿ, ಅಂದರೆ ನಮ್ಮ ಕುದುರೆ, ಬೆನ್ನ ಮೇಲೆ ಒಂದು ಕಂಬಳಿಯನ್ನೂ ತಾಳುತ್ತಿರಲಿಲ್ಲ. ಬೀರೇಶ ಅದರ ಎದುರಿಗೇ ನಿಂತು, ಕಣ್ಣು ಕೆಕ್ಕರಿಸಿ, ಹಗ್ಗ ಜಗ್ಗುವನು. ಅದು ಅವನ ಅಂಗಿಯ ತೋಳು ಕಿತ್ತುಕೊಂಡು ಹಿತ್ತಲೆಲ್ಲ ಓಡಾಡುವುದು, ಮದುವೆ ಮೆರವಣಿಗೆಯಲ್ಲಿ ಬಾವುಟ ಹಿಡಿದವರ ಹಾಗೆ. ಒಂದು ದಿನ ಅವನು ಹಗ್ಗ ಬಿಸಾಡಿ ಹೇಳಿಬಿಟ್ಟ: "ಅವ್ವಾ, ಹಿಂಡು ಹೊಂಡೋ ಹೊತ್ತಿಗೆ ಇದು ಮರಿ ಹೊರಲಿಲ್ಲಂದ್ರ, ಎಲ್ಲಿಂದ ತಂದೀನೋ ಅಲ್ಲೇ ಬಿಟ್ಟು ಬರ್ತೀನಿ ನೋಡು!"

ಹೊಸ ಮನೆಗೆ ಬಂದು, ಎಲ್ಲರ ಗದರಿಕೆಗೆ ಬೆಚ್ಚಿ ಮೂಲೆ ಹಿಡಿದ ಹೆಣ್ಣುಮಗಳ ಪಾಡು ನನಗೆ ಗೊತ್ತಿಲ್ಲವೇ? ನಾನು ಮದುವೆಯಾಗಿ ಬಂದಾಗ ನಿಮ್ಮ ತಾತನ ಜೊತೆಯೂ ಮಾತಾಡುತ್ತಿರಲಿಲ್ಲ. ಅವರು ಜುಲುಮೆ ಮಾಡಲಿಲ್ಲ. ನಾನು ಬೀಸುವ ಕಲ್ಲಿನ ಹತ್ತಿರ ಹುರಿದ ಶೇಂಗಾದ ಪೊಟ್ಟಣವಿಟ್ಟು, ನನ್ನ ಕಡೆ ನೋಡದೆ, ತಮಗೇನೋ ದೊಡ್ಡ ಕೆಲಸವಿರುವವರಂತೆ ಹೋಗಿಬಿಡುತ್ತಿದ್ದರು. ಹಲವು ಪೊಟ್ಟಣಗಳಾದ ಮೇಲೆ ನಾನೇ ಬಾಯಿ ಬಿಟ್ಟೆ. ಆಡಿದ ಮೊದಲ ಮಾತು, "ಇವತ್ತು ಉಪ್ಪು ಕಮ್ಮಿ ಐತ್ರಿ." ಆ ದಿನ ಅವರು ನಕ್ಕಿದ್ದಕ್ಕೆ ಗೂಡಿನ ಪಾರಿವಾಳಗಳೆಲ್ಲ ಹಾರಿಹೋದವು.

ಆ ವಿದ್ಯೆಯನ್ನೇ ಚಿಟ್ಟಿಯ ಮೇಲೆ ಹೂಡಿದೆ. ಹಿತ್ತಲಿನಲ್ಲಿ ಅದಕ್ಕೆ ಬೆನ್ನು ಹಾಕಿ ಕೂತು ಮೊರದಲ್ಲಿ ಜೋಳ ಹಸನು ಮಾಡತೊಡಗಿದೆ. ಪಕ್ಕದಲ್ಲಿ ಬೆಲ್ಲದ ಚೂರು. ಎದ್ದು ಹತ್ತಿರ ಹೋಗಬೇಕಾದರೆ ಸೆರಗು ಹೊದ್ದು, ಓರೆಯಾಗಿ, ನೆಲ ನೋಡುತ್ತಾ ಹೋಗುತ್ತಿದ್ದೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಈರಮ್ಮ ಕೂಗಿದಳು: "ಏನಬೇ ಅಕ್ಕಾ, ಕುದರಿ ಮುಂದ ಸೆರಗು ಎಳಕೊಂಡು ನಿಂತೀಯಲ್ಲ, ಅದೇನು ನಿನ್ನ ಮಾವನಾ? ಕಾಲು ಬಿದ್ದು ಬಿಡು ಮತ್ತ!" ನಾನು ಮತ್ತೆ ಮೊರದ ಮುಂದೆ ಬೆನ್ನು ಹಾಕಿ ಕೂತುಬಿಟ್ಟೆ, ಈರಮ್ಮನಿಗೆ ಉತ್ತರ ಕೊಡುವ ಧೈರ್ಯ ನನಗೆ ಯಾವತ್ತು ಇತ್ತು? ಆ ಹೊತ್ತಿಗೇ ಕುತ್ತಿಗೆಯ ಮೇಲೆ ಬುಸ್ಸೆಂದು ಬಿಸಿಯುಸಿರು ಬಿತ್ತು. ಚಿಟ್ಟಿ ತಾನಾಗಿಯೇ ಬಂದಿತ್ತು! ನಾನು ಮೊರದ ಮೇಲೆ ಕಣ್ಣಿಟ್ಟು ಕದಲದೆ ಕೂತೆ. ಅದು ಬೆಲ್ಲ ತಿಂದಿತು, ಜೋಳ ತಿಂದಿತು, ಮೊರದ ಅಂಚನ್ನೂ ಸ್ವಲ್ಪ ತಿಂದಿತು.

ಆಮೇಲೆ ಅವಸರ ಮಾಡಲಿಲ್ಲ. ಅದು ಮೂಸಿ ಸಾಕೆಂದ ಮೇಲೆಯೇ ಕಂಬಳಿ ಹೊದಿಸುತ್ತಿದ್ದೆ. ಮೈ ನಡುಗಿದರೆ ತೆಗೆದುಬಿಡುತ್ತಿದ್ದೆ. ಹಗ್ಗ ಸಡಿಲವಾಗಿ ಹಿಡಿದು ನಡೆಯುವೆನು, ಅದು ನಿಂತರೆ ನಾನೂ ನಿಲ್ಲುವೆನು. ಕುರಿಮರಿಯೊಂದನ್ನು ಮಡಿಲಲ್ಲಿ ಕೂರಿಸಿಕೊಂಡು ತೋರಿಸಿದೆ. ಕೊನೆಗೆ ಮರಿಗಳು ಚೀಲದಲ್ಲಿ ಕೂತು 'ಮ್ಯಾ' ಎಂದಾಗ ಚಿಟ್ಟಿ ಕಿವಿ ನಿಮಿರಿಸಿ ನನ್ನತ್ತ ನೋಡಿತು. "ಇದ್ದೀನವ್ವ, ಇಲ್ಲೇ ಇದ್ದೀನಿ," ಎಂದೆ. ಬಾಲ ಬೀಸಿ ಸುಮ್ಮನಾಯಿತು.

ಹಿಂಡು ಹೊರಡುವ ಬೆಳಿಗ್ಗೆ ಬೀರೇಶ ಮೀಸೆ ತಿರುವಿ ಹಗ್ಗ ಹಿಡಿದ. ಚಿಟ್ಟಿ ಕಲ್ಲಾಯಿತು. ಜಗ್ಗಿದ, ಬೇಡಿಕೊಂಡ. ಚಹಾ ಅಂಗಡಿಯ ಹುಸೇನಪ್ಪ ಕೇಳಿದ: "ಏಮಿ ಬೀರೇಶಾ, ಬಂಡಿ ಸ್ಟಾರ್ಟ್ ಆಗವಲ್ದಾ?" ಬೀರೇಶ ಹಲ್ಲು ಕಡಿದು, "ಸ್ಟಾರ್ಟ್ ಐತಿ. ಡ್ರೈವರಮ್ಮ ಬಾಗಿಲ ಹಿಂದ ಅಡಗ್ಯಾಳ," ಎಂದ. ಊರಿಗೆ ಊರೇ ಬಾಗಿಲ ಕಡೆ ತಿರುಗಿತು. ದೊಡ್ಡ ಬೀದಿಯಲ್ಲಿ ಕಾಲಿಡದೆ ಹಿಂದಿನ ಓಣಿಗಳಲ್ಲೇ ಬದುಕು ಕಳೆದವಳು ನಾನು. ಆದರೆ ನಾನು ಹೊರಗೆ ಬರದಿದ್ದರೆ ಬೀರೇಶ ಚಿಟ್ಟಿಯನ್ನು ತಂದಲ್ಲಿಗೇ ಬಿಟ್ಟುಬರುತ್ತಾನೆ. ಸೆರಗು ಬಿಗಿಯಾಗಿ ಸೆಕ್ಕಿಕೊಂಡು ಬಂದೆ, ಹಗ್ಗ ಹಿಡಿದೆ, ನಡೆದೆ. ಹಿಂದೆ ಕುದುರೆ, ಅದರ ಹಿಂದೆ ಹಿಂಡು, ನಾಯಿಗಳು, ಬೀರೇಶ, ಸೀಟಿ ಹೊಡೆಯುವ ಅರ್ಧ ಊರು. "ಅಕ್ಕಾ, ಎಲೆಕ್ಷನ್ನಿಗೆ ನಿಂತೀಯೇನಬೇ!" ಎಂದಳು ಈರಮ್ಮ. ನಗು ತಡೆಯಲಾರದೆ ನಾನೂ ಗಟ್ಟಿಯಾಗಿ ನಕ್ಕುಬಿಟ್ಟೆ, ನಡುಬೀದಿಯಲ್ಲಿ!

ಊರ ಗಡಿಯವರೆಗೆ ಬಿಟ್ಟುಬರುವುದೆಂದು ಹೊರಟಿದ್ದೆ. ಗಡಿಯಲ್ಲಿ ಹಗ್ಗ ಬೀರೇಶನ ಕೈಗಿಟ್ಟು ತಿರುಗಿದೆ. ಚಿಟ್ಟಿಯೂ ಮರಿಗಳ ಸಮೇತ ತಿರುಗಿತು. ಮುಂದಿನ ಊರಿನಲ್ಲೂ ಅದೇ ಕತೆ. ಹೀಗೆ ಬಿಟ್ಟುಬರುತ್ತಾ ಬಿಟ್ಟುಬರುತ್ತಾ ಈಗ ನಾಗಲದಿನ್ನೆಯ ಹೊಳೆದಂಡೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಉಟ್ಟ ಸೀರೆಯಲ್ಲಿ ಬಂದವಳಿಗೆ ನಿಮ್ಮ ಅತ್ತೆ ಆಟೋದವರ ಕೈಲಿ ಸೀರೆ ಕಳಿಸಿದ್ದಾಳೆ. ಅದೇ ಆಟೋದಲ್ಲಿ ಈ ಹಾಳೆಗಳು ನಿಮಗೆ ಬರುತ್ತವೆ. ಇವನ್ನು ಜೋಪಾನವಾಗಿಡಿ, ಮಕ್ಕಳೇ. ಯಾಕೆಂದರೆ ಈ ಕುದುರೆಯನ್ನು ಪಳಗಿಸಿದವನು ತಾನೇ ಎಂದು ನಿಮ್ಮ ಮಾವ ಇಲ್ಲಿನ ರೈತರಿಗೆಲ್ಲ ಹೇಳುತ್ತಿದ್ದಾನೆ, ನಾನು ಅವನ ಪಕ್ಕದಲ್ಲೇ ನಿಂತು ಹೌದೌದೆಂದು ತಲೆಯಾಡಿಸುತ್ತಿದ್ದೇನೆ.