ಕ್ಯಾರಿಯರ್ ಮೇಲಿನ ಅಯ್ಯನವರು

ಗುರುಪುತ್ರಪ್ಪ ಮಾಸ್ತರರ ಮೇಲೆ ಕೇಸು ಬಿದ್ದದ್ದು ಅವರ ಎಡಗಾಲಿನಿಂದ. ಸೋಮವಾರದ ಪ್ರಸಾದಕ್ಕೆ ಖಾನಾಪುರದಿಂದ ರೈಲಿನಲ್ಲಿ ಬಂದಿದ್ದ ಚನ್ನಬಸಯ್ಯನವರಿಗೆ ಮೊಣಕಾಲು ನೋವು. ಮಾಸ್ತರರು ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿ, ತಾವು ಮುಂದೆ ಕೂತು ತುಳಿದರೆ ಜಂಗಮರಿಗೆ ಬೆನ್ನು ತೋರಿಸಿದಂತಾಗುತ್ತದೆಂದು, ಸ್ಟೇಶನ್ನಿನಿಂದ ಖಾಸಬಾಗದ ತಮ್ಮ ಓಣಿಯವರೆಗೆ ತಳ್ಳಿಕೊಂಡೇ ಬಂದರು. ಅಯ್ಯನವರದು ತುಂಬಿದ ಅಕ್ಕಿಚೀಲದಂಥ ದೇಹ. ಓಣಿಯ ಬಾಯಲ್ಲಿ ದಣಿದು, ಎಡಗಾಲನ್ನು ಪೆಡಲ್ ಮೇಲಿಟ್ಟು ಉಸಿರು ಬಿಡುವಷ್ಟರಲ್ಲಿ ಪೊಲೀಸ್ ಭೀಮಗೊಂಡ ಸೀಟಿ ಊದಿದ: ಡಬಲ್ ಸವಾರಿ! ಒಂದೇ ಸೈಕಲ್ ಮೇಲೆ ಇಬ್ಬರು ಕೂತು ಹೋಗುವುದು ಆಗ ಅಪರಾಧ.

"ಐದು ರೂಪಾಯಿ ದಂಡ ಒಗದು ಬರ್ರಿ" ಎಂದಳು ಹೆಂಡತಿ ಬಸವಣ್ಣೆವ್ವ.

"ಮಾಡದ ತಪ್ಪ ಒಪ್ಪಿಕೊಂಡು, ಖರೇ ಮಾತಾಡ್ರಿ ಅಂತ ಹುಡುಗರಿಗೆ ಯಾವ ಬಾಯಿಲೆ ಹೇಳ್ಲಿ?"

"ವಕೀಲ ಯಾಕ ಬೇಕ್ರೀ ಮಾಸ್ತರ? ಅಯ್ಯನೋರ್ನ ಸಾಕ್ಷಿಗೆ ಕರೀರಿ. ನಾ ಅದೀನಿ!" ಎಂದ ಬಾಜು ಮನೆಯ ಪಾಯಪ್ಪ. ಕೋರ್ಟಿನ ಮೆಟ್ಟಿಲನ್ನು ಅವನೂ ಕಂಡವನಲ್ಲ.

ಮುಂದಿನ ಸೋಮವಾರ ಕಟಕಟೆ ಹತ್ತಿದ ಮಾಸ್ತರರು, ಪಾಯಪ್ಪ ಕಲಿಸಿದಂತೆ, ಮಗ್ಗಿ ಹೇಳಿಸುವ ದನಿಯಲ್ಲಿ "ನಾ ಸೈಕಲ್ ಹತ್ತಿಲ್ರೀ, ತಳ್ಕೋತ ಬಂದೀನ್ರೀ!" ಎಂದು ಕೂಗಿದರು.

"ಮಾಸ್ತರ, ಸಣ್ಣಕ ಹೇಳ್ರಿ. ನಾ ಮುಂದಿನ ಬೆಂಚಿನ್ಯಾಗ ಅದೀನಿ" ಎಂದರು ಜಡ್ಜ್ ಸಾಹೇಬರು.

"ಸಾಹೇಬ್ರ, ಅಷ್ಟ ದೂರ ಯಾರರ ತಳ್ಕೋತ ಬರ್ತಾರೇನ್ರೀ?" ಎಂದ ಭೀಮಗೊಂಡ.

ಅಯ್ಯನವರು ವಿಭೂತಿ ಮುಟ್ಟಿಕೊಂಡು ನುಡಿದರು: "ಬಂದಾನ್ರೀ. ಕಾಲ ನೊಂದ್ರೂ ನಡೀತೀನೋ ಅಂದೆ, ಕೇಳ್ಲಿಲ್ಲ. ಅಂಥಾ ಭಕ್ತ."

ಕೇಸು ಖುಲಾಸೆ! ಮಾಸ್ತರರ ಕಣ್ಣು ತುಂಬಿತು. ಪಾಯಪ್ಪ ತಾನೇ ಗೆದ್ದವನಂತೆ ಎದೆ ಸೆಟೆಸಿದ.

ಅಷ್ಟರಲ್ಲಿ ಸಾಹೇಬರು ಮಾಸ್ತರರನ್ನೂ ಅಯ್ಯನವರನ್ನೂ ತಮ್ಮ ಕೋಣೆಯೊಳಗೆ ಕರೆಸಿದರು. ಕರಿಕೋಟು ಕಳಚಿ, ಅಯ್ಯನವರಿಗೆ ಶರಣೆಂದು, ಮಾಸ್ತರರ ಕಡೆ ತಿರುಗಿದರು.

"ಸೋಮವಾರ ಅಯ್ಯನೋರ ಪ್ರಸಾದ ಆಗೂತನಕ ನಮ್ಮವ್ವ ತುತ್ತ ಮುಟ್ಟಂಗಿಲ್ಲ. ಯಾವಾಗ್ಲೂ ಬರೂ ಅಯ್ಯನೋರಿಗೆ ಇವತ್ತ ಜ್ವರ. ಇವರನ್ನ ಹಿಂದವಾಡಿಗೆ ನಮ್ಮನಿಗೆ ಕರ್ಕೊಂಡ ಹೋಗ್ರಿ."

"ಟಾಂಗಾ ತರ್ತೀನ್ರಿ" ಎಂದರು ಮಾಸ್ತರರು ಸಡಗರದಿಂದ.

"ಛೇ ಛೇ! ನಿಮ್ಮ ಸೇವಾ ನಾ ಕಸಗೊಂಡ್ರ ಪಾಪ ಬಂದೀತು. ನೀವು ಕೋರ್ಟಿನ್ಯಾಗ ಹೇಳಿದಂಗ, ಹಂಗಽ ತಳ್ಕೋತ ಹೋಗ್ರಿ. ಭೀಮಗೊಂಡ ಸಂಗಾಟ ಬಂದು ದಾರಿ ತೋರಸ್ತಾನ."

ಪಾಯಪ್ಪ ಎತ್ತ ಹೋದನೋ ತಿಳಿಯಲಿಲ್ಲ. ಅಯ್ಯನವರು ಶಿವನಾಮ ನೆನೆದು, ಕೋರ್ಟಿನ ಹೊರಗೆ ನಿಲ್ಲಿಸಿದ್ದ ಮಾಸ್ತರರ ಸೈಕಲ್ಲಿನ ಕ್ಯಾರಿಯರ್ ಏರಿದರು. ಹಿಂದಿನ ಗಾಲಿ ನರಳಿತು. ಮಟಮಟ ಮಧ್ಯಾಹ್ನ. ನೂರು ಹೆಜ್ಜೆ ತಳ್ಳಿದ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಭೀಮಗೊಂಡನ ಕಿವಿಯ ಹತ್ತಿರ ಬಾಗಿದರು.

"ಹವಾಲ್ದಾರ್ರ, ಆ ಐದು ರೂಪಾಯಿ ಈಗ ಕಟ್ಟಿದ್ರ ನಡೀತೈತೇನ್ರಿ?"