ಬೆಳಕಿನ ತಂತಿಗೆ ಬಿಗಿದ ಗಂಟು

ಯಲಬುರ್ಗಾದ ನಮ್ಮ ಓಣಿಗೆ ಇಂಟರ್ನೆಟ್ ತಂದ ಕೀರ್ತಿ ನಿಸ್ಸಂದೇಹವಾಗಿ ನನಗೆ ಸಲ್ಲಬೇಕು. ಉಳಿದವರು ಫೋನಿನ ಮೇಲೆ ಕಸೂತಿ ಬಟ್ಟೆ ಹೊದಿಸಿ ಇಡುತ್ತಿದ್ದ ಕಾಲದಲ್ಲೇ ನಾನು ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದು "ಕುಂಯ್... ಕರ್ರ್... ಟುಂಯ್" ಎಂದು ಅರಚಿಕೊಳ್ಳುವುದನ್ನು ಕೇಳಿ ಪುಳಕಿತನಾದವನು. ಹತ್ತನೇ ತರಗತಿಯ ರಿಸಲ್ಟ್ ಬರುವ ದಿನ ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿ ಕೂತಿರುತ್ತಿತ್ತು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ನೀಲಮ್ಮ ಅಷ್ಟೂ ಜನರಿಗೆ ಚಹಾ ಮಾಡಿ, ಕುಡಿಸಿ, ಕಪ್ಪು ತೊಳೆದು ಇಟ್ಟಿರುತ್ತಿದ್ದಳು. ಆಮೇಲೆ ಡಯಲ್-ಅಪ್ ಹೋಗಿ ಅದಕ್ಕಿಂತ ತುಸು ಚುರುಕಾದ ಲೈನು ಬಂತು. ಅದೂ ಅದೇ ತಾಮ್ರದ ತಂತಿಯಲ್ಲೇ ಬಂತು. ಊರೆಲ್ಲ ಮುಂದೆ ಹೋದರೂ, ನಾನು ನೌಕರಿಯಿಂದ ನಿವೃತ್ತನಾದರೂ, ಆ ತಂತಿಯನ್ನು ಮಾತ್ರ ಬಿಡಲಿಲ್ಲ. ತಾಮ್ರ ಗಟ್ಟಿ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಆ ಸಿದ್ಧಾಂತಕ್ಕೆ ಕಲ್ಲು ಹಾಕಿದವಳು ನೀಲಮ್ಮ. ಅವಳು ಬಡಿದ ಸಜ್ಜೆ ರೊಟ್ಟಿಯನ್ನು ಕೊಪ್ಪಳದ ಒಂದು ಪ್ರದರ್ಶನದಲ್ಲಿ ತಿಂದ ತರಬೇತಿ ಕೇಂದ್ರದವರು, ಬೇರೆ ಜಿಲ್ಲೆಯ ಹೆಣ್ಣುಮಕ್ಕಳಿಗೆ ವಿಡಿಯೋದಲ್ಲಿ ರೊಟ್ಟಿ ಕಲಿಸುತ್ತೀರಾ ಎಂದು ಕೇಳಿದ್ದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಪಾಠ. ಅದು ಸರಿಹೋದರೆ ಪ್ರತಿ ವಾರದ ಪಾಠವೂ ಅವಳದೇ. ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಐವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವಳನ್ನು "ಮೇಡಂ" ಅಂದಿದ್ದರು. ಅಂದಿನಿಂದ ಅವಳು ಹಿಟ್ಟಿನ ಡಬ್ಬಿಯ ಮುಂದೆ ನಿಂತು "ಎಲ್ಲಾರಿಗೂ ನಮಸ್ಕಾರ್ರಿ" ಎಂದು ರೂಢಿ ಮಾಡಿಕೊಳ್ಳುತ್ತಿದ್ದಳು.

ನೋಡೋಣವೆಂದು ತಳಕಲ್ಲಿನಲ್ಲಿರುವ ತಂಗಿಗೆ ನನ್ನ ತಾಮ್ರದ ಲೈನಿನಿಂದಲೇ ವಿಡಿಯೋ ಹಚ್ಚಿದಳು. ರೊಟ್ಟಿ ಬಡಿಯಲು ಎತ್ತಿದ ಅವಳ ಕೈ ಪರದೆಯಲ್ಲಿ ಎತ್ತಿದಲ್ಲೇ ನಿಂತುಬಿಟ್ಟಿತು.

"ಅಕ್ಕಾ, ಯಾಕ? ಮಾಮಾಗ ಹೊಡ್ಯಾಕ ನಿಂತಿಯೇನು?" ಎಂದು ತಂಗಿಯ ಧ್ವನಿ ಮಾತ್ರ ಬಂತು.

"ಇನ್ನೂ ಹೊಡದಿಲ್ಲ," ಎಂದ ನೀಲಮ್ಮ ನನ್ನ ಕಡೆ ತಿರುಗಿದಳು. "ರೀ, ನಿಮ್ಮ ತಾಮ್ರ ನಿಮಗಿರ್ಲಿ. ನನಗ ಓಡೋದೊಂದು ನೆಟ್ ಹಾಕಸ್ರಿ."

ಹೀಗಾಗಿ ಬುಧವಾರ ರಫೀಕ ಬಂದ. ಮೊದಲು ಊರಿಗೆಲ್ಲ ಟೀವಿಯ ಕೇಬಲ್ ಎಳೆದವನು, ಈಗ ಫೈಬರ್ ಎಳೆಯುತ್ತಾನೆ. ಕಂಬದಿಂದ ನಮ್ಮ ಮಾಳಿಗೆಗೆ, ಮಾಳಿಗೆಯಿಂದ ಪಡಸಾಲೆಗೆ ಕಪ್ಪನೆಯ ತೆಳ್ಳನೆಯ ತಂತಿ ಇಳಿಸಿದ. ನನಗೆ ಕುತೂಹಲ ತಡೆಯಲಾಗಲಿಲ್ಲ.

"ರಫೀಕಾ, ಇದರಾಗ ಕರೆಂಟ್ ಹರೀತೈತೇನು?"

"ಇಲ್ರಿ ಸಾಹೇಬ್ರ, ಬೆಳಕು ಹರೀತೈತಿ. ಒಳಗ ಕೂದಲಿನಂಥಾ ಗಾಜೈತಿ."

"ಹಂಗಾರ ನಮ್ಮ ಮೂಲ್ಯಾಗ ಬಂದಾಗ ಬೆಳಕು ಹೆಂಗ ತಿರಗತೈತಿ?"

"ತಿರಗತೈತ್ರಿ."

"ಅದ, ಹೆಂಗ?"

ಅವನು ಏಣಿಯ ಮೇಲಿನಿಂದ ನನ್ನನ್ನೇ ನೋಡಿದ. "ಸಾಹೇಬ್ರ, ಮೂರ ಮಾತು ಕೇಳ್ರಿ. ಇದನ್ನ ಮಡಚಬ್ಯಾಡ್ರಿ. ಕೈ ಹಚ್ಚಬ್ಯಾಡ್ರಿ. ತುದಿಗೆ ಕಣ್ಣಿಟ್ಟು ಬೆಳಕು ನೋಡಾಕ ಹೋಗಬ್ಯಾಡ್ರಿ, ಕಣ್ಣು ಕೆಡತಾವ."

ಈ ಮೂರರಲ್ಲಿ ಮೂರನೆಯದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆಂದು ಇಲ್ಲಿ ದಾಖಲಿಸಬಯಸುತ್ತೇನೆ.

ಅವನು ತಂತಿಯ ತುದಿಗೆ ಕೂಡಿಸಿದ ನೆಟ್ಟಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ತಳಕಲ್ಲಿನ ನಾದಿನಿ ಅಡೆತಡೆಯಿಲ್ಲದೆ ನಕ್ಕಳು. ಆ ಉತ್ಸಾಹದಲ್ಲಿ ನಾನು ಇಕ್ಕಳ ತಂದು, ರಫೀಕ "ಎರಡ ದಿನ ಇರ್ಲಿ ಬಿಡ್ರಿ" ಅನ್ನುತ್ತಿರುವಾಗಲೇ, ಹಳೆಯ ತಾಮ್ರದ ತಂತಿಯನ್ನು ಗೋಡೆಯ ಬುಡದಲ್ಲಿ ಕಚಕ್ಕನೆ ಕತ್ತರಿಸಿದೆ. ಒಂದು ಮನೆಗೆ ಎರಡೆರಡು ನೆಟ್ ಯಾಕೆ?

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಆದರೆ ರಫೀಕ ಮಿಕ್ಕ ತಂತಿಯನ್ನು, ಸುಮಾರು ಹತ್ತು ಮಾರಿನಷ್ಟನ್ನು, ದೊಡ್ಡ ಜರಡಿಯಗಲ ಸುತ್ತಿ, ಸಡಿಲವಾಗಿ ಮೊಳೆಗೆ ತೂಗುಹಾಕಿ ಹೋದ. ಅದು ನನ್ನ ಕಣ್ಣಿಗೆ ಚುಚ್ಚತೊಡಗಿತು. ನಾನು ಒಕ್ಕಲುತನದ ಮನೆಯಲ್ಲಿ ಬೆಳೆದವನು. ಎತ್ತಿನ ಕೊರಳು ಬಿಚ್ಚಿದ ಮೇಲೆ ಹಗ್ಗವನ್ನು ಅಂಗೈಯಿಂದ ಮೊಳಕೈಗೆ ಸುತ್ತಿ, ನಡು ಹಿಡಿದು ಬಿಗಿದು, ಗಂಟು ಜಗ್ಗಿ ಗೂಟಕ್ಕೆ ಹಾಕಬೇಕು. ಹಗ್ಗ ಸಡಿಲ ಜೋತುಬಿದ್ದರೆ ಅಪ್ಪ ಅದೇ ಹಗ್ಗದಲ್ಲಿ ಬಾರಿಸುತ್ತಿದ್ದ. ಆ ಗಂಟನ್ನು ನಾನು ತಾಲೂಕು ಕಚೇರಿಗೂ ಕೊಂಡೊಯ್ದಿದ್ದೆ. ನಾನು ಕಟ್ಟಿದ ಫೈಲುಗಳ ದಾರ ಬಿಚ್ಚಲಾಗದೆ ಮೂವರು ಸಾಹೇಬರು ವರ್ಗ ಮಾಡಿಸಿಕೊಂಡು ಹೋದರು!

ಗುರುವಾರ ಬೆಳಿಗ್ಗೆ ಎಂಟಕ್ಕೆ, ನೀಲಮ್ಮ ಜಳಕಕ್ಕೆ ಹೋದಾಗ, ಆ ತಂತಿಯನ್ನು ಇಳಿಸಿದೆ. ಅಂಗೈಯಿಂದ ಮೊಳಕೈಗೆ ಸುತ್ತಿದೆ. ನಡು ಹಿಡಿದು ಬಿಗಿದೆ. ಗಂಟು ಹಾಕಿ, ಮೊಣಕಾಲು ಒತ್ತಿ ಜಗ್ಗಿದೆ. ಎಲ್ಲೋ "ಚಿಟ್" ಅಂತು. ಹಲ್ಲಿ ನುಡಿಯಿತು, ಶುಭಶಕುನ ಎಂದುಕೊಂಡೆ.

"ರೀ, ಈ ದೀಪ ಯಾಕ ಕೆಂಪಗಾಗೇತಿ?" ಎಂದಳು ನೀಲಮ್ಮ, ಒದ್ದೆ ಕೂದಲಿಗೆ ಟಾವೆಲ್ ಸುತ್ತಿಕೊಂಡು ಬಂದವಳು.

"ಹೊಸಾದಲ್ಲ, ಕಾದಿರಬೇಕು," ಎಂದೆ ಅಧಿಕಾರವಾಣಿಯಿಂದ.

ಬಟನ್ ಆರಿಸಿದೆ, ಹಾಕಿದೆ. ಕೆಂಪು. ಪೆಟ್ಟಿಗೆಯನ್ನು ಬೀಸಣಿಗೆಯಿಂದ ಬೀಸಿದೆ. ಕೆಂಪು. ತಿರುಗಿಸಿ ನೋಡಿದರೆ ಹಿಂದೆ ಸಾಸಿವೆಯಷ್ಟು ಒಂದು ತೂತು! ಕೆಲಸವಿಲ್ಲದೆ ಯಾರಾದರೂ ತೂತು ಇಡುತ್ತಾರೆಯೇ? ನೀಲಮ್ಮನ ಪಿನ್ನು ತೆಗೆದುಕೊಂಡು ಚುಚ್ಚಿದೆ. ಇನ್ನಷ್ಟು ಒತ್ತಿದರೆ ಏನಾಗುತ್ತದೋ ನೋಡೋಣ ಎಂದು ಇನ್ನಷ್ಟು ಒತ್ತಿದೆ. ಎಲ್ಲ ದೀಪಗಳೂ ಆರಿ, ಮತ್ತೆ ಒಂದೊಂದಾಗಿ ಹತ್ತಿ, ಕೊನೆಗೆ ಅದೇ ಕೆಂಪು. ರಫೀಕ ಕೂರಿಸಿದ್ದ ನಮ್ಮ ಮನೆಯ ಹೆಸರು, ಪಾಸ್‌ವರ್ಡ್ ಮಾತ್ರ ಅಳಿಸಿ ಹೋಗಿದ್ದವು. ಹೊರಗೆ ಓಣಿಗೆ ಹೋಗಿ, ಮಾತಿಗಷ್ಟೇ ಸಾಲುವ ಸಿಗ್ನಲ್ ಹಿಡಿದು, ಮೊಬೈಲಿನಿಂದ ರಫೀಕನಿಗೆ ಫೋನು ಹಚ್ಚಿದೆ.

"ಕುಷ್ಟಗ್ಯಾಗ ಕಂಬದ ಮ್ಯಾಲ ಅದೀನ್ರಿ. ಏನರ ಮುಟ್ಟೀರೇನು?"

"ಛೇ ಛೇ!"

"ವೈರ್ ಎಲ್ಲೆರ ಮಡಚೇತೇನು ನೋಡ್ರಿ. ನಾ ಬರೂದು ಸಂಜಿ ಆಗತೈತಿ."

ನಾನು ಒಳಗೆ ಬಂದು ನಿಧಾನವಾಗಿ ಗೋಡೆಯ ಕಡೆ ತಿರುಗಿದೆ. ಮೊಳೆಯಲ್ಲಿ ನನ್ನ ಗಂಟು ಎದೆಯುಬ್ಬಿಸಿ ನಿಂತಿತ್ತು. ಬಿಚ್ಚಲು ಹೋದೆ. ಮೂವರು ಸಾಹೇಬರ ಕಷ್ಟ ನನಗೆ ಅವತ್ತು ಅರ್ಥವಾಯಿತು! ಉಗುರಿಗೆ ಬಗ್ಗಲಿಲ್ಲ, ಹಲ್ಲು ಹಚ್ಚಿ ಜಗ್ಗಿದೆ. ಗಂಟು ಬಿಚ್ಚಲಿಲ್ಲ, ತಂತಿಯೇ ಎರಡು ತುಂಡಾಯಿತು.

ಆಗಲೂ ನಾನು ಧೈರ್ಯಗೆಡಲಿಲ್ಲ. ಹೊಲದ ಪಂಪಿನ ವೈರು ಎಷ್ಟು ಸಲ ಕಡಿದಿಲ್ಲ, ಎಷ್ಟು ಸಲ ಕೂಡಿಸಿಲ್ಲ? ಎರಡೂ ತುದಿಯ ಸಿಪ್ಪೆ ಸುಲಿದೆ, ಒಂದಕ್ಕೊಂದು ಹೊಸೆದೆ. ಹೊಸೆಯಲು ಒಳಗೆ ಏನೂ ಸಿಗಲಿಲ್ಲ, ಕೂದಲಿನಂಥ ಗಾಜು ಅಲ್ಲೇ ಪುಡಿಯಾಗಿ ಉದುರಿತು. ಹೊರಗಿನಿಂದ ಕರಿ ಟೇಪು ಮಾತ್ರ ಬಹಳ ಚೆಂದ ಸುತ್ತಿದೆ. ಒಳಗಿನ ಬೆಳಕಿಗೆ ಅದರ ಚೆಂದ ಗೊತ್ತಾಗಲಿಲ್ಲ.

ಹತ್ತೂಕಾಲು. ನೀಲಮ್ಮ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿನ ಟೇಪು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಮಂದಿ ಮುಂದ ನನಗ ಮಾತು ಬರ್ತಾವೋ ಇಲ್ಲೋ ಅಂತ ಮೂರ ದಿನದಿಂದ ಹೆದರಿ ಸಾಯಾಕ ಹತ್ತಿದ್ದೆ," ಎಂದಳು. "ಈಗ ಬರ್ತಾವ ಅಂತ ಧೈರ್ಯ ಬಂದಿತ್ತು. ನಿಮಗ್ಯಾಕ ಬೇಕಾಗಿತ್ತ್ರಿ ಇದು?"

ಅವಳ ಕಣ್ಣು ತುಂಬಿದ್ದವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಮೂವತ್ತು ವರ್ಷ ಸರಕಾರಕ್ಕೆ ಉತ್ತರ ಬರೆದವನು ಟೇಪನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಪಾಠ ನೋಡಲೆಂದು ಆಗಲೇ ಬಂದಿದ್ದ ಪಕ್ಕದ ಮನೆಯ ಶಾಂತಕ್ಕ ಮೂಗಿನ ಮೇಲೆ ಬೆರಳಿಟ್ಟು ಎಲ್ಲ ಕೇಳಿಸಿಕೊಂಡಳು. ದಪ್ಪ ಕಲ್ಲುಗೋಡೆಯ ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲವೆಂಬುದು ಅವಳಿಗೂ ಗೊತ್ತು.

"ಅಳಬ್ಯಾಡ ನೀಲವ್ವ. ನಿಮ್ಮ ಮಾಳಿಗಿ ಮ್ಯಾಲ ನೀರಿನ ಟಾಕಿ ಐತಲ್ಲ, ಅದರ ಹಂತ್ಯಾಕ ಮೊಬೈಲ್ ಛಲೋ ಹಿಡೀತೈತಿ. ಸಂಡಿಗಿ ಒಣಗಿಸಾಕ ಬಂದಾಗ ನಾ ಅಲ್ಲೇ ನಿಂತು ಮಾತಾಡ್ತೀನಿ."

"ಒಲಿ?" ಎಂದಳು ನೀಲಮ್ಮ, ಕಣ್ಣೊರೆಸಿಕೊಳ್ಳುತ್ತ.

ಇಬ್ಬರೂ ನನ್ನ ಕಡೆ ನೋಡಿದರು.

ಮೊದಲು ಗ್ಯಾಸಿನ ಒಲೆ ಹೊತ್ತೆ. ಆಮೇಲೆ ಸಿಲಿಂಡರ್ ಹೆಗಲಿಗೇರಿಸಿ, ಎರಡು ಮೆಟ್ಟಿಲಿಗೊಮ್ಮೆ ದೇವರನ್ನು ನೆನೆಯುತ್ತ ಹತ್ತಿದೆ. ಹಂಚು, ಹಿಟ್ಟಿನ ಡಬ್ಬಿ, ರೊಟ್ಟಿ ಬಡಿಯುವ ಮಣೆ, ಬಿಸಿನೀರಿನ ಪಾತ್ರೆ, ಎಳ್ಳಿನ ಬಟ್ಟಲು ಎಲ್ಲವೂ ಏರಿದವು. ಮೇಲೆ ಗಾಳಿ ಬೀಸುತ್ತಿತ್ತು. ಶಾಂತಕ್ಕ ಜಮಖಾನೆ ಬಿಚ್ಚಿ ಒಲೆಗೆ ಮರೆ ಹಿಡಿದು ನಿಂತಳು. ನಾನು ಮೊಬೈಲ್ ಹಿಡಿದು ಟಾಕಿಯ ಸುತ್ತ ಪ್ರದಕ್ಷಿಣೆ ಹಾಕಿದೆ. ಎಡಗಾಲು ಟಾಕಿಯ ಕಟ್ಟೆಯ ಮೇಲೆ, ಬಲಗಾಲು ಕೆಳಗೆ, ಬಲಗೈ ಮುಂದೆ ನೀಡಿ ನಿಂತರೆ ಮಾತ್ರ ಚಿತ್ರ ಓಡುತ್ತಿತ್ತು. ಕೈ ಒಂದು ಗೇಣು ಇಳಿದರೆ ನೀಲಮ್ಮ ಕಲ್ಲಾಗುತ್ತಿದ್ದಳು.

ಹನ್ನೊಂದಕ್ಕೆ ಸರಿಯಾಗಿ ಪರದೆಯ ತುಂಬ ಮುಖಗಳು ಬಂದವು. "ಎಲ್ಲಾರಿಗೂ ನಮಸ್ಕಾರ್ರಿ" ಎನ್ನುವಾಗ ಅವಳ ಧ್ವನಿ ನಡುಗಿತು. ಹಿಟ್ಟಿಗೆ ಕೈ ಹಾಕಿದ ಮೇಲೆ ನಡುಗಲಿಲ್ಲ. ಹದ ಹೇಳಿದಳು, ನಾದಿದಳು, ಬಡಿದಳು, ಎಳ್ಳು ಹಚ್ಚಿದಳು. ಯಾರದೋ ರೊಟ್ಟಿ ಹರಿದರೆ, "ಹಗೂರಕ ಬಡೀರಿ, ಮೈಮ್ಯಾಲ ಬಂದವರಂಗ ಬಡದ್ರ ಹರೀತೈತಿ" ಎಂದಳು. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಇಷ್ಟು ವರ್ಷ ನನ್ನ ಅಡುಗೆಮನೆಯಲ್ಲಿ ಇಂಥ ಮಾತುಗಾರ್ತಿ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಹೆಮ್ಮೆಯಿಂದ ಎದೆ ತುಂಬಿತು, ಜೊತೆಗೆ ಕೈ ಜೋಮು ಹಿಡಿಯಿತು.

ಮುಕ್ಕಾಲು ತಾಸು ಕಳೆದಿತ್ತು. ಮೂಗು ಕಡಿಯುತ್ತಿತ್ತು, ಕೆರೆಯುವಂತಿಲ್ಲ. ತೋಳು ತಾನೇ ತಾನಾಗಿ ಗಡಗಡ ಅನ್ನತೊಡಗಿತು. ಪರದೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಕೇಳಿಯೇಬಿಟ್ಟಳು: "ಮೇಡಂ, ನಿಮ್ಮ ಫೋನ್ ಯಾಕೋ ಭಾಳ ಅಲಗಾಡಾಕ ಹತ್ತೇತ್ರಿ?"

ನೀಲಮ್ಮ ರೊಟ್ಟಿ ತಿರುವಿ ಹಾಕುತ್ತ, ತಲೆಯೆತ್ತದೆ ಹೇಳಿದಳು: "ಸ್ಟ್ಯಾಂಡ್ ಹಳೇದೈತ್ರಿ ಅವ್ವಾ. ಮುಂದಿನ ವಾರ ಹೊಸಾದು ತರಸ್ತೇನಿ."

ಜಮಖಾನೆಯ ಹಿಂದಿನಿಂದ ಶಾಂತಕ್ಕ ಕಿಸಕ್ಕನೆ ನಕ್ಕಳು.

ಸಂಜೆ ರಫೀಕ ಬಂದು, ನಾನು ಟೇಪು ಸುತ್ತಿದ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದ. "ಸಾಹೇಬ್ರ, ಇದನ್ನ ನಾ ಒಯ್ತೀನ್ರಿ. ನಮ್ಮ ಮಂದಿಗೆ ತೋರಸಬೇಕು," ಎಂದು ಜೇಬಿಗೆ ಹಾಕಿಕೊಂಡ. ಹೊಸ ತಂತಿ ಎಳೆದ. ಹಸಿರು ದೀಪ ಹತ್ತಿತು. ಆ ನೆಟ್ಟಿನಲ್ಲೇ ತರಬೇತಿ ಕೇಂದ್ರದ ಮೆಸೇಜೂ ಬಂತು: ಇನ್ನು ಪ್ರತಿ ಗುರುವಾರ ನೀಲಮ್ಮ ಮೇಡಂ ಅವರದೇ ಪಾಠ.

ಮುಂದಿನ ಗುರುವಾರಕ್ಕೆ ಹೊಸ ಸ್ಟ್ಯಾಂಡು ಬಂದೇ ಬಂತು. ಅದಕ್ಕೆ ಮೂರು ಕಾಲು. ಅದು ನಡುಗುವುದಿಲ್ಲ, ಕೆಮ್ಮುವುದಿಲ್ಲ, ಮುಖ್ಯವಾಗಿ ಏನನ್ನೂ ಬಿಚ್ಚಿ ನೋಡುವುದಿಲ್ಲ. ಕಚೇರಿಯಿಂದ ನಿವೃತ್ತನಾದಾಗ ನನಗೆ ಹಾರ ಹಾಕಿ, ನಾಲ್ಕು ಜನ ಭಾಷಣವನ್ನಾದರೂ ಮಾಡಿದ್ದರು. ಈ ಸಲ ನೀಲಮ್ಮ "ಸ್ವಲ್ಪ ಸರೀರಿ, ಅಡ್ಡ ಬರಾಕ ಹತ್ತೀರಿ" ಅಂದಳು, ಅಷ್ಟೇ!