ಹೆಸರಿನ ಹೊಟ್ಟೆ ಸೀಳಿದ್ದು

ಲಕೋಟೆಯ ಮೇಲೆ ತನ್ನ ಹೆಸರಿನ ನಡುವಿನ ಅಕ್ಷರಕ್ಕೆ ಹೊಟ್ಟೆ ಸೀಳದೆ ಬಿಟ್ಟಿದ್ದನ್ನು ಕಂಡು ಗುಮಾಸ್ತ ಕುರ್ಚಿಯಿಂದ ಎಗರಿಬಿದ್ದ.

"ಒಡೆದಾದ್ರೂ ನೋಡಿ ಸರ್," ಎಂದಳು ಟೈಪಿಸ್ಟ್.

"ಯಾಕೆ ಒಡೀಲಿ? ಇದು ನನ್ನ ಹೆಸರೇ ಅಲ್ಲ! ಉಸಿರು ಬಿಟ್ಟು ಅಂದ್ರೆ ವೀರ. ಉಸಿರಿಲ್ಲದೆ ಅಂದ್ರೆ ಬರೀ ಹೊಟ್ಟು!"

ಹನ್ನೊಂದು ವರ್ಷದಿಂದ ಇದೇ ಪಾಠ. ಹಾಗಾಗಿಯೇ ಬೆನ್ನ ಹಿಂದೆ ಅವನಿಗೆ 'ಮಹಾಪ್ರಾಣ' ಎಂದು ಹೆಸರು. ಮೇಜಿನ ಗಾಜಿನಡಿ ಅದೇ ಹೆಸರಿನ ಮಹಾಪುರುಷರ ಪಟ್ಟಿ ಇಟ್ಟಿದ್ದ: ಮೂರು ಯುದ್ಧ ಸೋತ ಒಬ್ಬ ರಾಜ, ಒಬ್ಬ ಜಟ್ಟಿ, ಯಾರೂ ಓದದ ಒಬ್ಬ ವ್ಯಾಕರಣಕಾರ. ನಾಲ್ಕನೆಯ ಸಾಲನ್ನು ತನಗೆಂದು ಖಾಲಿ ಬಿಟ್ಟಿದ್ದ.

"ಹೇಗನ್ಬೇಕು ಅಂತ ಇನ್ನೊಂದ್ಸಲ ತೋರಿಸಿ ಸ್ವಾಮಿ," ಎಂದ ಸ್ಟೋರ್ ಕೀಪರ್, ಏನೂ ಅರಿಯದವನಂತೆ.

ಮಹಾಪ್ರಾಣ ಬೆಂಕಿಕಡ್ಡಿ ಗೀರಿ ಬಾಯಿಯ ಮುಂದೆ ಹಿಡಿದ. "ಸರಿಯಾಗಿ ಅಂದ್ರೆ ಇದು ಆರ್ಬೇಕು." ಆರಲಿಲ್ಲ. ಇನ್ನಷ್ಟು ಹತ್ತಿರ ಹಿಡಿದು ಗರ್ಜಿಸಿದ. ಕಡ್ಡಿ ಆರಿತು; ಜೊತೆಗೆ ಎಡಗಡೆಯ ಅರ್ಧ ಮೀಸೆಯೂ ಹೋಯಿತು. ಇಡೀ ಕಚೇರಿ ಫೈಲುಗಳ ಹಿಂದೆ ಮುಖ ಮುಚ್ಚಿಕೊಂಡಿತು.

ಉಳಿದ ಅರ್ಧ ಮೀಸೆ ಹೊತ್ತುಕೊಂಡೇ ಅವನು ಮೇಲಧಿಕಾರಿಯ ಕೋಣೆಗೆ ನುಗ್ಗಿದ.

ಆಕೆ ಲಕೋಟೆ ನೋಡಿ ತಣ್ಣಗೆ ಹೇಳಿದರು: "ಒಂದಕ್ಷರ ತಾನೇ? ಡ್ರಾಯರಿಗೆ ಹಾಕಿ ಮರೆತುಬಿಡಿ."

"ಹೆಸರು ಅಂದ್ರೆ ಮಾನ ಮೇಡಂ! ಒಳಗೂ ಹೊರಗೂ ತಿದ್ದಿ ರುಜು ಹಾಕ್ಲೇಬೇಕು. ಇಲ್ಲಾಂದ್ರೆ ಮೇಲಕ್ಕೆ ಬರೀತೀನಿ."

"ಯೋಚನೆ ಮಾಡಿದೀರಾ?"

"ಹನ್ನೊಂದು ವರ್ಷದಿಂದ ಮಾಡ್ತಿದೀನಿ."

ಆಕೆ ನಿಟ್ಟುಸಿರಿಟ್ಟು ಲಕೋಟೆ ಒಡೆದರು. ಕೆಂಪು ಪೆನ್ನಿನಿಂದ ಒಳಗೊಮ್ಮೆ, ಹೊರಗೊಮ್ಮೆ ಅಕ್ಷರದ ಹೊಟ್ಟೆ ಸೀಳಿ, ರುಜು ಹಾಕಿ, ಮೊಹರು ಒತ್ತಿ ಕೊಟ್ಟರು. ಮಹಾಪ್ರಾಣ ಗೆದ್ದ ಕೋಳಿಯಂತೆ ಕತ್ತೆತ್ತಿ ಓದತೊಡಗಿದ. ಎರಡನೆಯ ಸಾಲಿಗೆ ಕತ್ತು ಇಳಿಯಿತು. ಗಡಿಯಾಚೆಯ ಶಾಖೆಗೆ ವರ್ಗ. ನಾಳೆಯೇ ಹಾಜರಾಗಬೇಕು.

"ನಿಮ್ಮ ಹೆಂಡತಿ ಮೊನ್ನೆ ನಮ್ಮನೆಗೆ ಬಂದು ಅತ್ತಿದ್ರು," ಎಂದರು ಮೇಡಂ. "ಅವರಿಗೆ ಈಗಷ್ಟೇ ಇಲ್ಲಿ ಕೆಲಸ ಸಿಕ್ಕಿದೆಯಲ್ಲ. ಹೆಸರು ತಪ್ಪಾದ ಆದೇಶ ಜಾರಿ ಆಗಲ್ಲ. ಅದಕ್ಕೇ ನಾನೇ ಹೇಳಿ ಆ ಅಕ್ಷರ ತಪ್ಪು ಹೊಡೆಸಿದ್ದೆ."

ಅಲ್ಪಪ್ರಾಣದಲ್ಲೇ "ಸರಿ ಮೇಡಂ" ಎಂದು ಅವನು ಆದೇಶ ಹಿಡಿದು ಹೊರಬಂದ.

ಹೊರಗೆ ಟೈಪಿಸ್ಟ್ ಆದೇಶವನ್ನು ಓದಿ ಕನಿಕರದಿಂದ ಹೇಳಿದಳು: "ಆ ಊರಲ್ಲಿ ನಮ್ಮಕ್ಕ ಇದಾಳೆ ಸರ್. ಅಲ್ಲಿಯವರ ಭಾಷೇಲಿ ಮಹಾಪ್ರಾಣ ಅನ್ನೋದೇ ಇಲ್ವಂತೆ."